ಸಾಗರ ದಾಟುವ ಹಳೇ ಹಾಯಿದೋಣಿ: ಉದ್ದ ಕೀಲಿನ ಐದು ದೋಣಿಗಳಲ್ಲಿ ಯಾವುದು ನಿಮಗೆ?

ಹಳೇ ಹಾಯಿದೋಣಿಗಳ ಜಾಹೀರಾತು ತೆರೆದರೆ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಸಾಗರಯಾನಕ್ಕೆ ಪೂರ್ತಿ ಸಜ್ಜಾಗಿದೆ’. ಅದರ ಕೆಳಗೆ ಉದ್ದನೆಯ ಪಟ್ಟಿ. ಗಾಳಿಯ ಬಲದಿಂದಲೇ ಚುಕ್ಕಾಣಿ ಹಿಡಿಯುವ ವಿಂಡ್‌ವೇನ್, ಸೋಲಾರ್ ಪ್ಯಾನೆಲ್, ರೇಡಾರ್, ಲೈಫ್‌ರಾಫ್ಟ್, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ಮೂರು ಲಂಗರು. ಓದುತ್ತಾ ಹೋದರೆ ನಾಳೆಯೇ ಹೊರಟುಬಿಡಬಹುದು ಅನಿಸುತ್ತದೆ.

ನಾನೂ ನನ್ನ ಹೆಂಡತಿಯೂ ಸೌತಾಂಪ್ಟನ್‌ನಲ್ಲಿ ಇರುವವರು. ಎರಡು ಚಳಿಗಾಲ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋಟ್‌ಯಾರ್ಡುಗಳಲ್ಲಿ ಇಂಥ ದೋಣಿಗಳನ್ನೇ ಹುಡುಕಿಕೊಂಡು ತಿರುಗಿದೆವು. ಹದಿನಾಲ್ಕು ದೋಣಿ ನೋಡಿ ಕೊನೆಗೆ ಒಂದನ್ನು ಕೊಂಡೆವು. ಅಷ್ಟು ಅಲೆದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಆ ಪಟ್ಟಿಯನ್ನು ಕೊನೆಗೆ ಓದಿ. ಮೊದಲು ಒಡಲು ನೋಡಿ. ಆಮೇಲೆ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಅದನ್ನು ಹಿಡಿದು ನಿಲ್ಲಿಸಿರುವ ಉಕ್ಕಿನ ತಂತಿಗಳು. ಆಮೇಲೆ ಎಂಜಿನ್. ಪಟ್ಟಿಯಲ್ಲಿರುವ ವಸ್ತುಗಳನ್ನು ದುಡ್ಡು ಕೊಟ್ಟು ಯಾವಾಗ ಬೇಕಾದರೂ ತರಬಹುದು, ಒಡಲನ್ನು ತರೋಕಾಗಲ್ಲ.

ಉದ್ದ ಕೀಲೇ ಯಾಕೆ?

ಕೀಲ್ ಅಂದರೆ ದೋಣಿಯ ಹೊಟ್ಟೆಯ ಕೆಳಗೆ ನೀರಿನೊಳಗೆ ಇಳಿದಿರುವ ಭಾಗ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳದಂತೆ, ಮಗುಚದಂತೆ ಹಿಡಿಯುವುದು ಅದೇ. ಈಗಿನ ದೋಣಿಗಳಲ್ಲಿ ಅದು ಮೀನಿನ ರೆಕ್ಕೆಯ ಹಾಗೆ ಕಿರಿದಾಗಿ, ಆಳವಾಗಿ ಇರುತ್ತದೆ. ಚುಕ್ಕಾಣಿ ದೂರದಲ್ಲಿ ಬೇರೆಯಾಗಿ ನೇತಾಡುತ್ತದೆ. ಉದ್ದ ಕೀಲಿನ ದೋಣಿಯಲ್ಲಿ ಅದು ಮೂತಿಯಿಂದ ಸ್ವಲ್ಪ ಹಿಂದೆ ಶುರುವಾಗಿ ಹಿಂಭಾಗದವರೆಗೂ ಓಡುತ್ತದೆ. ಅದರ ಬಾಲಕ್ಕೇ ಚುಕ್ಕಾಣಿಯನ್ನು ಬಾಗಿಲಿನ ಹಾಗೆ ಕೂರಿಸಿರುತ್ತಾರೆ.

ಇದರಿಂದ ಆಗುವ ದೊಡ್ಡ ಲಾಭ, ದೋಣಿ ತನ್ನ ದಾರಿ ತಾನೇ ಹಿಡಿದು ಹೋಗುತ್ತದೆ. ಇದಕ್ಕೆ ‘ಸುಹೈಲಿ’ಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ನಮ್ಮ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ ಅದು. ರಾಬಿನ್ ನಾಕ್ಸ್-ಜಾನ್ಸ್ಟನ್ ಅದರಲ್ಲಿ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಒಬ್ಬರೇ ಹೊರಟರು. ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಅಲ್ಲಿಗೇ ವಾಪಸ್ ಬಂದರು. ಹಾಗೆ ಸುತ್ತಿದ ಮೊದಲ ಮನುಷ್ಯ ಅವರೇ. ಗಾಳಿಯ ಬಲದಿಂದ ಚುಕ್ಕಾಣಿ ಹಿಡಿಯುವ ಅವರ ಉಪಕರಣ ಅರ್ಧ ದಾರಿಯಲ್ಲೇ ಮುರಿದುಹೋಗಿತ್ತು. ಉಳಿದ ದೂರವನ್ನು ಹಾಯಿಗಳನ್ನು ಸರಿಹೊಂದಿಸಿಕೊಂಡೇ ಮುಗಿಸಿದರು. ಸುಮ್ನೆ ಯೋಚಿಸಿ, ಚುಕ್ಕಾಣಿ ಬಿಟ್ಟು ಮಲಗಿದರೂ ದೋಣಿ ದಾರಿ ಬಿಡುತ್ತಿರಲಿಲ್ಲ. ಇಬ್ಬರೇ ಹೋಗುವ ದಂಪತಿಗೆ ಇದಕ್ಕಿಂತ ಬೇರೇನು ಬೇಕು?

ಇನ್ನೂ ಲಾಭಗಳಿವೆ. ಮೀನುಗಾರರು ಬಿಟ್ಟ ಬಲೆಯ ಹಗ್ಗ ಕೀಲಿನ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ. ಚುಕ್ಕಾಣಿಗೆ ಮುಂದುಗಡೆ ಕೀಲಿನ ರಕ್ಷಣೆ ಇದೆ. ಈ ಬಗೆಯ ಹಲವು ದೋಣಿಗಳಲ್ಲಿ ಸೀಸ ಅಥವಾ ಕಬ್ಬಿಣದ ತೂಕ ಫೈಬರ್‌ಗ್ಲಾಸ್ ಒಡಲಿನ ಒಳಗೇ ಮುಚ್ಚಿರುತ್ತದೆ. ಹಾಗಾಗಿ ಕೀಲಿನ ಬೋಲ್ಟು ತುಕ್ಕು ಹಿಡಿಯುವ ಭಯ ಇಲ್ಲ. ನೀರು ಇಳಿದಾಗ ಗೋಡೆಗೆ ಒರಗಿಸಿ ನಿಲ್ಲಿಸಿ, ಅಡಿ ಉಜ್ಜಿ ಬಣ್ಣ ಬಳಿಯಬಹುದು, ಕ್ರೇನಿನ ಖರ್ಚು ಉಳಿಯುತ್ತದೆ.

ತೊಂದರೆ ಇಲ್ಲವೆಂದಲ್ಲ. ಮರೀನಾದಲ್ಲಿ, ಅಂದರೆ ದೋಣಿಗಳನ್ನು ಸಾಲಾಗಿ ಕಟ್ಟುವ ಬಂದರಿನಲ್ಲಿ, ಹಿಂದಕ್ಕೆ ತೆಗೆಯುವುದು ದೊಡ್ಡ ತಲೆನೋವು. ರಿವರ್ಸ್ ಹಾಕಿದರೆ ದೋಣಿ ಹಿಂದೆ ಹೋಗುವ ಮೊದಲು ಪಕ್ಕಕ್ಕೆ ತಿರುಗುತ್ತದೆ. ಯಾವ ಕಡೆಗೆ ಅನ್ನುವುದು ಪ್ರೊಪೆಲರ್ ಸುತ್ತುವ ದಿಕ್ಕಿನ ಮೇಲೆ. ಹಗ್ಗ ಕಟ್ಟಿ ತಿರುಗಿಸುವುದನ್ನು ಕಲಿಯಲೇಬೇಕು. ಗಾಳಿಗೆ ಎದುರಾಗಿ ಹೋಗುವಾಗ ಹೊಸ ದೋಣಿಗಳಷ್ಟು ಚುರುಕಿಲ್ಲ, ತೆಳು ಗಾಳಿಯಲ್ಲಿ ನಿಧಾನ. ವಾರಾಂತ್ಯಕ್ಕೆ ಒಂದು ಮರೀನಾದಿಂದ ಇನ್ನೊಂದಕ್ಕೆ ಹೋಗಿ ಬರುವವರಿಗೆ ಉದ್ದ ಕೀಲ್ ಬೇಡ. ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವವರಿಗೆ ಬೇಕು.

ಐದು ದೋಣಿ, ನಾಲ್ಕು ದಾರಿ

ಚಿಕ್ಕ ದೋಣಿಗಳಿಂದ ಶುರು ಮಾಡುತ್ತೇನೆ. ಕಾಂಟೆಸ್ಸಾ 26, ಡೇವಿಡ್ ಸ್ಯಾಡ್ಲರ್ ವಿನ್ಯಾಸ, 1960ರ ದಶಕದ್ದು. ಉತ್ತರ ಯುರೋಪಿನ ಫೋಕ್‌ಬೋಟ್ ಎಂಬ ಮರದ ದೋಣಿಯ ವಂಶದ್ದು. ಇದರ ಜೊತೆಗೆ ಸ್ವೀಡನ್ನಿನ ಆಲ್ಬಿನ್ ವೇಗಾ, ಉದ್ದ 27 ಅಡಿ, ಮೂರು ಸಾವಿರಕ್ಕೂ ಜಾಸ್ತಿ ಕಟ್ಟಿದ್ದಾರೆ. ಎರಡೂ ಎರಡೂವರೆ ಟನ್ನಿನೊಳಗೆ. ಎರಡೂ ಅಗ್ಗ. ‘ಇಷ್ಟು ಪುಟ್ಟದರಲ್ಲಿ ಸಾಗರವೇ?’ ಎಂದು ಕೇಳಬೇಡಿ. ಟಾನಿಯಾ ಏಬಿ 18ನೇ ವಯಸ್ಸಿನಲ್ಲಿ, 1985ರಲ್ಲಿ ನ್ಯೂಯಾರ್ಕಿನಿಂದ ಕಾಂಟೆಸ್ಸಾ 26ರಲ್ಲಿ ಹೊರಟು 1987ರಲ್ಲಿ ಭೂಮಿ ಸುತ್ತಿ ಬಂದರು. ಮ್ಯಾಟ್ ರದರ್ಫೋರ್ಡ್ ಹಳೇ ವೇಗಾದಲ್ಲಿ 2011-12ರಲ್ಲಿ ಉತ್ತರ, ದಕ್ಷಿಣ ಅಮೆರಿಕಗಳನ್ನು ಎಲ್ಲೂ ನಿಲ್ಲದೆ 309 ದಿನಗಳಲ್ಲಿ ಸುತ್ತಿದರು. ಆದರೆ ಇಬ್ಬರೂ ದೋಣಿಯಲ್ಲಿ ಒಬ್ಬರೇ ಇದ್ದರು ಅನ್ನುವುದನ್ನು ಮರೆಯಬೇಡಿ.

ಇಬ್ಬರಾದರೆ ಲೆಕ್ಕ ಬದಲಾಗುತ್ತದೆ. ನಾನು ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಗೆ ಸುಮಾರು 2,700 ನಾಟಿಕಲ್ ಮೈಲಿ. ಕಾಂಟೆಸ್ಸಾ ಸರಾಸರಿ 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲಿ, ಹೋದರೆ 28 ದಿನ. ಒಬ್ಬರಿಗೆ ದಿನಕ್ಕೆ 3 ಲೀಟರ್ ನೀರು, ಇಬ್ಬರಿಗೆ 168 ಲೀಟರ್. ಅರ್ಧದಷ್ಟು ಹೆಚ್ಚುವರಿ ಇಟ್ಟುಕೊಳ್ಳಲೇಬೇಕು, ಅಂದರೆ 252 ಲೀಟರ್. ದೋಣಿಯ ಒಟ್ಟು ತೂಕದ ಹತ್ತನೇ ಒಂದು ಭಾಗ ಬರೀ ನೀರೇ ಆಯಿತು! ಇನ್ನೂ ಅಕ್ಕಿ, ಬೇಳೆ, ಡೀಸೆಲ್, ಲಂಗರಿನ ಸರಪಳಿ ಲೆಕ್ಕಕ್ಕೆ ಬಂದಿಲ್ಲ. ಅಷ್ಟು ಹೊತ್ತ ಪುಟ್ಟ ದೋಣಿ ನೀರಿನಲ್ಲಿ ಕೂತುಬಿಡುತ್ತದೆ, ವೇಗ ಇನ್ನೂ ಇಳಿಯುತ್ತದೆ. ಅದೇ ಲೆಕ್ಕವನ್ನು ಒಂಬತ್ತು ಟನ್ನಿಗೆ ಹತ್ತಿರವಿರುವ, ಮುಂದೆ ಹೇಳಲಿರುವ ವೆಸ್ಟ್‌ಸೇಲ್ 32ಕ್ಕೆ ಹಾಕಿ. 5 ನಾಟಿನಲ್ಲಿ 23 ದಿನ, ಸುಮಾರು 207 ಲೀಟರ್. ತೂಕದ ನೂರರಲ್ಲಿ ಎರಡೂವರೆ ಪಾಲು ಕೂಡ ಇಲ್ಲ. ದೋಣಿಗೆ ಅದು ಬಿದ್ದದ್ದೇ ಗೊತ್ತಾಗಲ್ಲ.

ಕಾಂಟೆಸ್ಸಾದ ಕ್ಯಾಬಿನ್‌ನಲ್ಲಿ ನೆಟ್ಟಗೆ ನಿಲ್ಲೋಕಾಗಲ್ಲ. ಒಂದು ದಿನಕ್ಕೆ ಅದು ತಮಾಷೆ, ಒಂದು ತಿಂಗಳಿಗೆ ಸೊಂಟ ನೋವು. ವೇಗಾ ಆ ಮಟ್ಟಿಗೆ ವಾಸಿ. ವೇಗಾ ನೋಡಲು ಹೋದರೆ ಒಂದು ಕೆಲಸ ಮಾಡಿ. ಮಾಸ್ಟ್ ಡೆಕ್ಕಿನ ಮೇಲೆ ಕೂತಿರುತ್ತದೆ, ಅದರ ಭಾರವನ್ನು ಕೆಳಗೆ ಒಂದು ಅಡ್ಡ ತೊಲೆ ಹೊರುತ್ತದೆ. ವರ್ಷಗಳು ಕಳೆದಂತೆ ಆ ತೊಲೆ ಬಗ್ಗುವುದು ಈ ದೋಣಿಯ ಗೊತ್ತಿರುವ ದೋಷ. ಅದರ ಕೆಳಗಿನ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಮಳೆಗಾಲದ ಬಾಗಿಲಿನ ಹಾಗೆ ಬಿಗಿದುಕೊಂಡರೆ ತೊಲೆಯನ್ನು ಸರಿಯಾಗಿ ಪರೀಕ್ಷೆ ಮಾಡಿಸಲೇಬೇಕು.

ಇನ್ನು ನಿಕಲ್ಸನ್ 32. ಬ್ರಿಟನ್ನಿನಲ್ಲಿ ಫೈಬರ್‌ಗ್ಲಾಸ್ ದೋಣಿಗಳು ಆಗಷ್ಟೇ ಬರುತ್ತಿದ್ದ ಕಾಲದಲ್ಲಿ, 1960ರ ದಶಕದ ಆರಂಭದಲ್ಲಿ, ಕ್ಯಾಂಪರ್ ಅಂಡ್ ನಿಕಲ್ಸನ್ಸ್ ಹೊರತಂದದ್ದು. ಹೊಸ ವಸ್ತುವಿನ ಮೇಲೆ ಆಗ ಯಾರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಅದಕ್ಕೇ ದಪ್ಪವಾಗಿ ಹಾಕಿದರು. ಅದು ಇವತ್ತು ಕೊಳ್ಳುವವರ ಪುಣ್ಯ. ಮುನ್ನೂರಕ್ಕೂ ಹೆಚ್ಚು ದೋಣಿ ಕಟ್ಟಿದ್ದರಿಂದ ಮಾರುಕಟ್ಟೆಯಲ್ಲಿ ಸಿಗುತ್ತಲೇ ಇರುತ್ತವೆ. ಆರು ಟನ್ನಿನ ಆಸುಪಾಸು, ಅಗಲ 9 ಅಡಿ ಸ್ವಲ್ಪ ಮೇಲೆ. ಒಳಗೆ ಈಗಿನವರ ಕಣ್ಣಿಗೆ ಇಕ್ಕಟ್ಟು. ಆದರೆ ಸಮುದ್ರದಲ್ಲಿ ಇಕ್ಕಟ್ಟೇ ಒಳ್ಳೆಯದು. ದೋಣಿ ವಾಲಿದಾಗ ಎಲ್ಲಿ ಬಿದ್ದರೂ ಕೈಗೆ ಏನೋ ಒಂದು ಹಿಡಿ ಸಿಗುತ್ತದೆ.

ರಸ್ಲರ್ 36, ನನ್ನ ಕಣ್ಣಿಗೆ ಇವುಗಳಲ್ಲೆಲ್ಲ ಚೆಂದದ ದೋಣಿ. ಹೋಲ್ಮನ್ ಅಂಡ್ ಪೈ ವಿನ್ಯಾಸ, ಕಾರ್ನ್‌ವಾಲ್‌ನ ಫಾಲ್ಮತ್ ಕಡೆಯದು. ಏಳೂವರೆ ಟನ್ನಿನಷ್ಟು ತೂಕದಲ್ಲಿ ಮೂರೂವರೆ ಟನ್ನಿಗೆ ಹತ್ತಿರ ಕೀಲಿನೊಳಗಿನ ಸೀಸವೇ. ಅಂದರೆ ನೂರಕ್ಕೆ 45 ಪಾಲು. ಎಷ್ಟು ವಾಲಿದರೂ ಎದ್ದು ನಿಲ್ಲುವ ಛಲ ಅಲ್ಲಿಂದ ಬರುತ್ತದೆ. ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಜಾನ್-ಲುಕ್ ವಾನ್ ಡೆನ್ ಹೀಡ್ 73ನೇ ವಯಸ್ಸಿನಲ್ಲಿ ರಸ್ಲರ್ 36ರಲ್ಲೇ ಗೆದ್ದರು. ಮುಂದಿನ ರೇಸಿನಲ್ಲಿ ನಮ್ಮ ಅಭಿಲಾಷ್ ಟಾಮಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದದ್ದೂ ರಸ್ಲರ್ 36ರಲ್ಲೇ. ಇದರ ತೊಂದರೆ ಒಂದೇ, ಬೆಲೆ. ಒಳ್ಳೆ ನಿಕಲ್ಸನ್ 32ಕ್ಕಿಂತ ಹಲವು ಪಟ್ಟು ಜಾಸ್ತಿ. ನಾವು ಒಂದನ್ನು ನೋಡಿ, ಒಳಗೆ ಕೂತು, ಒಂದು ಗಂಟೆ ಎದ್ದು ಬರಲೇ ಇಲ್ಲ. ಆಮೇಲೆ ಬ್ಯಾಂಕಿನ ಲೆಕ್ಕ ನೋಡಿ ಎದ್ದು ಬಂದೆವು.

ಕೊನೆಯದು ವೆಸ್ಟ್‌ಸೇಲ್ 32. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ 800ಕ್ಕೂ ಹೆಚ್ಚು ಕಟ್ಟಿದರು. ಸುಹೈಲಿ ಮತ್ತು ಇದು ಒಂದೇ ವಿನ್ಯಾಸದ ಮಕ್ಕಳು, ವಿಲಿಯಂ ಆಟ್ಕಿನ್ ಅವರ ‘ಎರಿಕ್’. 11 ಅಡಿ ಅಗಲ, ಒಳಗೆ ಮನೆಯ ಹಾಗೆ ಜಾಗ. 1991ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ ಎದ್ದ ಭಾರಿ ಬಿರುಗಾಳಿಯಲ್ಲಿ ‘ಸಟೋರಿ’ ಎಂಬ ವೆಸ್ಟ್‌ಸೇಲಿನಿಂದ ಜನರನ್ನು ಕೋಸ್ಟ್ ಗಾರ್ಡ್ ಇಳಿಸಿಕೊಂಡಿತು. ಯಾರೂ ಇಲ್ಲದ ದೋಣಿ ಆಮೇಲೆ ಮೇರಿಲ್ಯಾಂಡಿನ ಮರಳ ತೀರಕ್ಕೆ ಬಂದು ನಿಂತಿತ್ತು, ಒಡಲು ಗಟ್ಟಿಯಾಗೇ ಇತ್ತು. ಆದರೆ ಗಾಳಿ ಕಡಿಮೆಯಾದರೆ ಇದು ಅಲ್ಲಾಡಲ್ಲ. ಇನ್ನೊಂದು ವಿಷಯ, ಇವುಗಳಲ್ಲಿ ಬಹಳಷ್ಟನ್ನು ಬರೀ ಒಡಲಾಗಿ ಮಾರಿದರು. ಒಳಗಿನ ಕೆಲಸ ಕೊಂಡವರೇ ಮಾಡಿಕೊಂಡರು. ಒಂದರಲ್ಲಿ ಆಚಾರಿಯ ಕೈಚಳಕ, ಇನ್ನೊಂದರಲ್ಲಿ ಗ್ಯಾರೇಜಿನ ಹಲಗೆ. ಮೂತಿಯಿಂದ ಮುಂದೆ ಚಾಚಿದ, ಹಿಂಭಾಗದಿಂದ ಹೊರಗೆ ಚಾಚಿದ ಮರದ ತೊಲೆಗಳಿಗೆ ಮಾಸ್ಟಿನ ತಂತಿ ಕಟ್ಟಿರುತ್ತದೆ. ಆ ಮರ ಕೊಳೆತಿದ್ದರೆ ಮಾಸ್ಟೇ ಅಪಾಯದಲ್ಲಿ. ಚಾಕುವಿನ ತುದಿಯಿಂದ ಚುಚ್ಚಿ ನೋಡಲು ಮಾಲೀಕರ ಅನುಮತಿ ಕೇಳಿ.

ಸಂಖ್ಯೆಗಳನ್ನು ಎಷ್ಟು ನಂಬಬೇಕು? 1979ರ ಫಾಸ್ಟ್‌ನೆಟ್ ರೇಸಿನ ದುರಂತದಲ್ಲಿ 15 ನಾವಿಕರು ಸತ್ತರು. ಅದರ ನಂತರ ಮಗುಚುವ ಅಪಾಯ ಅಳೆಯುವ ಸೂತ್ರವೊಂದು ಬಂತು. ಅಡಿಗಳಲ್ಲಿ ಅಗಲವನ್ನು ತೆಗೆದುಕೊಂಡು, ಪೌಂಡುಗಳಲ್ಲಿನ ತೂಕವನ್ನು 64ರಿಂದ ಭಾಗಿಸಿ ಬಂದದ್ದರ ಘನಮೂಲದಿಂದ ಭಾಗಿಸಬೇಕು. ಉತ್ತರ 2ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ನಾನು ಹಾಕಿ ನೋಡಿದೆ. ವೆಸ್ಟ್‌ಸೇಲ್ 1.6, ರಸ್ಲರ್ 1.7, ಕಾಂಟೆಸ್ಸಾ 1.7, ವೇಗಾ 1.9. ಎಲ್ಲವೂ ಪಾಸು. ತೂಕ ಕೆಳಗಿದೆಯೋ ಮೇಲಿದೆಯೋ ಅನ್ನುವುದನ್ನು ಈ ಸೂತ್ರ ನೋಡುವುದೇ ಇಲ್ಲ. ಹಾಗಾಗಿ ಈ ದೋಣಿಗಳ ನಡುವೆ ಆರಿಸಲು ಇದು ಉಪಯೋಗಕ್ಕೆ ಬರಲಿಲ್ಲ. ನನಗೆ ದಾರಿ ತೋರಿಸಿದ್ದು ನೀರಿನ ಲೆಕ್ಕ.

ಒಂದು ಕಂದು ಗೆರೆ

ನಾವು ಕೊಳ್ಳುವ ಹಂತಕ್ಕೆ ಹೋಗಿ ಬಿಟ್ಟ ದೋಣಿಯ ಬಗ್ಗೆ ಹೇಳಲೇಬೇಕು. 34 ಅಡಿ, ಉದ್ದ ಕೀಲ್, ಮಾರುವವರ ಪಟ್ಟಿ ಎರಡು ಪುಟ. ಕ್ಯಾಬಿನ್ನಿನಲ್ಲಿ ಹೊಸ ಪಾಲಿಶ್ ವಾಸನೆ. ನನ್ನ ಹೆಂಡತಿ ಕಪಾಟಿನೊಳಗೆ ತಲೆ ಹಾಕಿ ಟಾರ್ಚ್ ಬಿಟ್ಟಳು. ಮಾಸ್ಟಿನ ತಂತಿಗಳನ್ನು ಒಡಲಿಗೆ ಹಿಡಿದಿಡುವ ಸ್ಟೀಲ್ ಪಟ್ಟಿ ಅಲ್ಲಿತ್ತು. ಅದಕ್ಕೆ ಚೈನ್‌ಪ್ಲೇಟ್ ಅನ್ನುತ್ತಾರೆ. ಅದು ಡೆಕ್ಕನ್ನು ದಾಟುವ ಜಾಗದಿಂದ ಕೆಳಗೆ ಚಹಾ ಚೆಲ್ಲಿ ಒಣಗಿದ ಹಾಗೆ ಒಂದು ಕಂದು ಗೆರೆ ಇಳಿದಿತ್ತು. ‘ಇದು ಹಳೇ ಕಲೆ’ ಎಂದರು ಮಾರುವವರು. ನಮ್ಮ ಸರ್ವೇಯರ್, ಅಂದರೆ ಕೊಳ್ಳುವ ಮೊದಲು ದೋಣಿ ಪರೀಕ್ಷಿಸುವವರು, ಒಂದು ಸ್ಟೀಲ್ ಪಟ್ಟಿ ಬಿಚ್ಚಿಸಿದರು. ಡೆಕ್ಕಿನ ದಪ್ಪದೊಳಗೆ ಅಡಗಿದ್ದ ಜಾಗದಲ್ಲಿ, ಬೋಲ್ಟಿನ ತೂತಿನಿಂದ ಅಂಚಿಗೆ, ಕೂದಲೆಳೆಯಷ್ಟು ಸಣ್ಣ ಬಿರುಕು. ಉಗುರು ಆಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ಸೋಕುತ್ತಿದ್ದರೆ ಮಾತ್ರ ಅದು ತುಕ್ಕು ತಡೆಯುತ್ತದೆ. ಉಪ್ಪುನೀರು ಸೇರಿ ಗಾಳಿಯಾಡದ ಇಕ್ಕಟ್ಟಿನಲ್ಲಿ ಒಳಗಿಂದೊಳಗೇ ತಿಂದುಹೋಗುತ್ತದೆ. ಹೊರಗೆ ಕಾಣುವ ಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮಾಸ್ಟ್ ಹೋದರೆ ಏನಾಗುತ್ತದೆ? 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಅಭಿಲಾಷ್ ಟಾಮಿ ಅವರ ‘ತುರೀಯ’ ಮಗುಚಿ ಮಾಸ್ಟ್ ಕಳೆದುಕೊಂಡಿತು. ಅವರ ಬೆನ್ನಿಗೆ ಭಾರಿ ಪೆಟ್ಟಾಯಿತು. ಅದು ಸುಹೈಲಿಯದೇ ವಿನ್ಯಾಸದಲ್ಲಿ ಗೋವಾದಲ್ಲಿ ಕಟ್ಟಿದ ದೋಣಿ. ಅದೇ ರೇಸಿನಲ್ಲಿ ಡಿಸೆಂಬರಿನಲ್ಲಿ ಸೂಸಿ ಗುಡಾಲ್ ಅವರ ರಸ್ಲರ್ 36 ಪಲ್ಟಿಯಾಗಿ ಮಾಸ್ಟ್ ಹೋಯಿತು. ಎರಡರಲ್ಲೂ ಒಡಲು ತೇಲುತ್ತಲೇ ಇತ್ತು. ಅವು ಅಚ್ಚುಕಟ್ಟಾಗಿ ಸಿದ್ಧ ಮಾಡಿದ ದೋಣಿಗಳು, ಮಹಾ ಬಿರುಗಾಳಿಗೆ ಸಿಕ್ಕವು. ಇಪ್ಪತ್ತು ವರ್ಷ ಹಳೇ ತಂತಿಯಾದರೆ ಅಷ್ಟು ದೊಡ್ಡ ಅಲೆಯೂ ಬೇಡ.

ಹಾಗಾಗಿ ಮಾರುವವರಿಗೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ತಂತಿಗಳನ್ನು ಯಾವ ವರ್ಷ ಬದಲಿಸಿದ್ದು, ಬಿಲ್ ಇದೆಯೇ? ಹತ್ತರಿಂದ ಹದಿನೈದು ವರ್ಷ ದಾಟಿದ್ದರೆ ಇನ್ಶೂರೆನ್ಸ್‌ನವರೂ ಇದನ್ನೇ ಕೇಳುತ್ತಾರೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಡೆಕ್ ನೋಡಲು ಒಂದು ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆ ಸಾಕು. ಹಲವು ದೋಣಿಗಳ ಡೆಕ್ಕಿನಲ್ಲಿ ಎರಡು ಪದರ ಫೈಬರ್‌ಗ್ಲಾಸಿನ ನಡುವೆ ಬಾಲ್ಸಾ ಎಂಬ ಹಗುರ ಮರ ಇರುತ್ತದೆ. ಕಂಬಿಗಳ ಬುಡದಲ್ಲಿ, ಕಿಟಕಿಗಳ ಸುತ್ತ ಬಡಿಯುತ್ತಾ ಹೋಗಿ. ಟಕ್ ಟಕ್ ಎಂದು ಕೇಳಿದರೆ ಸರಿ. ಮಾಗಿದ ಕುಂಬಳಕಾಯಿ ತಟ್ಟಿದ ಹಾಗೆ ಡಬ್ ಡಬ್ ಎಂದರೆ ನೀರು ಸೇರಿ ಮರ ಕೊಳೆತಿದೆ. ಅಂಗೈಯಷ್ಟು ಜಾಗವಾದರೆ ರಿಪೇರಿ ಮಾಡಬಹುದು. ಅರ್ಧ ಡೆಕ್ಕಾದರೆ ಬಿಟ್ಟುಬಿಡಿ.

ಒಡಲ ಅಡಿಯಲ್ಲಿ ಗುಳ್ಳೆಗಳಿದ್ದರೆ ಜನ ಗಾಬರಿಯಾಗುತ್ತಾರೆ. ಫೈಬರ್‌ಗ್ಲಾಸಿನೊಳಗೆ ನೀರು ಇಳಿದು ಆಗುವ ಗುಳ್ಳೆ ಅದು, ಒಡೆದರೆ ಹುಳಿ ವಾಸನೆ ಬರುತ್ತದೆ. ಹಳೇ ದಪ್ಪ ಒಡಲಿನಲ್ಲಿ ಅಲ್ಲಲ್ಲಿ ಕೆಲವು ಇದ್ದರೆ ನಾನು ಚೌಕಾಸಿಗೆ ಬಳಸುತ್ತೇನೆ, ಹೆದರುವುದಿಲ್ಲ. ಎಂಜಿನ್ ವಿಷಯದಲ್ಲಿ ಒಂದೇ ಮಾತು. ನೀವು ಹೋಗುವ ಮೊದಲು ಅದನ್ನು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ಹೋದ ಕೂಡಲೇ ಕೈ ಇಟ್ಟು ತಣ್ಣಗಿದೆಯೇ ನೋಡಿ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಅನ್ನುವುದರಲ್ಲಿ ಅದರ ಆರೋಗ್ಯ ಗೊತ್ತಾಗುತ್ತದೆ. ನೀಲಿ ಹೊಗೆ ನಿಲ್ಲದೇ ಬಂದರೆ ಅದು ಆಯಿಲ್ ಸುಡುತ್ತಿದೆ.

ಈಗ ಆ ಪಟ್ಟಿ

ಲೈಫ್‌ರಾಫ್ಟಿನ ಸರ್ವೀಸ್ ತಾರೀಕು ಕೇಳಿ. ಮುಗಿದುಹೋಗಿದ್ದರೆ, ತುಂಬಾ ಹಳೆಯದಾಗಿದ್ದರೆ, ಅದರ ಬೆಲೆ ಸೊನ್ನೆ. ಉಪ್ಪುನೀರಿನ ಯಂತ್ರವನ್ನು ಬಳಸದೆ ಇಟ್ಟರೆ ಅದರ ಪೊರೆ ಹಾಳಾಗುತ್ತದೆ, ಓಡಿಸಿ ತೋರಿಸದಿದ್ದರೆ ಅದೂ ಸೊನ್ನೆ. ಹತ್ತು ವರ್ಷದ ರೇಡಾರ್, ಸತ್ತ ಬ್ಯಾಟರಿ, ಹೊಲಿಗೆ ಬಿಸಿಲಿಗೆ ಪುಡಿಯಾಗುತ್ತಿರುವ ಹಾಯಿ, ಎಲ್ಲ ಅದೇ ಸಾಲಿಗೆ. ನಾನು ಬೆಲೆ ಕಟ್ಟುವ ಒಂದೇ ವಸ್ತು ಒಳ್ಳೆಯ ವಿಂಡ್‌ವೇನ್. ಏರೀಸ್, ಮಾನಿಟರ್, ಹೈಡ್ರೋವೇನ್, ಯಾವುದಾದರೂ ಸರಿ. ಕರೆಂಟ್ ಬೇಡ, ಊಟ ಬೇಡ, ಹಗಲೂ ರಾತ್ರಿ ಚುಕ್ಕಾಣಿ ಹಿಡಿಯುತ್ತದೆ. ಉದ್ದ ಕೀಲಿನ ದೋಣಿಗೂ ಅದಕ್ಕೂ ಒಳ್ಳೆ ಹೊಂದಾಣಿಕೆ. ಭಾರವಾದ ಲಂಗರು ಮತ್ತು ತುಕ್ಕಿಲ್ಲದ ಸರಪಳಿಗೂ ಸ್ವಲ್ಪ ಬೆಲೆ ಕೊಡುತ್ತೇನೆ. ಅಡುಗೆಮನೆಗೆ ಬೇಕಾದದ್ದು ನಿಮ್ಮಲ್ಲೇ ಇದೆ, ಕುಕ್ಕರ್. ದೋಣಿ ಎಷ್ಟು ಹೊಯ್ದಾಡಿದರೂ ಮುಚ್ಚಳ ಬಿಗಿದ ಕುಕ್ಕರಿನ ಹುಳಿ ಚೆಲ್ಲುವುದಿಲ್ಲ. ಇಲ್ಲಿನ ನಾವಿಕರೂ ಅದನ್ನೇ ಇಟ್ಟುಕೊಳ್ಳುತ್ತಾರೆ.

ಕಾಗದಪತ್ರದಲ್ಲಿ ಮಾಲೀಕರಿಂದ ಮಾಲೀಕರಿಗೆ ಕೈ ಬದಲಾದ ಪತ್ರಗಳ ಸರಣಿ ಕಡಿಯದೆ ಇರಬೇಕು, ತೆರಿಗೆ ಕಟ್ಟಿದ ದಾಖಲೆ ಇರಬೇಕು. ಸರ್ವೇಯರನ್ನು ನೀವೇ ಹುಡುಕಿ, ಮಾರುವವರು ಸೂಚಿಸಿದವರು ಬೇಡ. ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೊಂದು ವಿಷಯ ನೆನಪಿಡಿ. ಸಮುದ್ರದಿಂದ ಬಂದಿಳಿದರೂ ವೀಸಾ ಬೇಕು. ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ಗೆ ಷೆಂಗೆನ್ ವೀಸಾ ಇಲ್ಲದೆ ದಾರಿ ಇಲ್ಲ. ಕ್ಯಾನರಿ ದ್ವೀಪಗಳೂ ಸ್ಪೇನಿಗೇ ಸೇರಿದವು.

ಯಾರಿಗೆ ಯಾವುದು?

ಒಬ್ಬರೇ, ಕೈಯಲ್ಲಿ ದುಡ್ಡು ಕಡಿಮೆ, ವಯಸ್ಸಿದೆ: ವೇಗಾ. ಕಾಂಟೆಸ್ಸಾ ಗಟ್ಟಿ, ನೋಡಲೂ ಚೆಂದ, ಆದರೆ ಬದುಕುವ ಜಾಗ ವೇಗಾದಲ್ಲೇ ವಾಸಿ. ಇಬ್ಬರು, ಒಂದೆರಡು ವರ್ಷದ ಪ್ರಯಾಣ, ಮಧ್ಯಮ ವರ್ಗದ ಉಳಿತಾಯ: ನಿಕಲ್ಸನ್ 32, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಉಳಿದ ದುಡ್ಡಿನಲ್ಲಿ ಹೊಸ ತಂತಿ, ಹೊಸ ಹಾಯಿ ಹಾಕಿಸಿ. ದೋಣಿಯೇ ಮನೆ, ಅವಸರ ಇಲ್ಲ, ಮರಗೆಲಸ ಬರುತ್ತದೆ: ವೆಸ್ಟ್‌ಸೇಲ್. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸಿಗುವುದೂ ಸುಲಭ. ದುಡ್ಡಿನ ಚಿಂತೆ ಇಲ್ಲದವರು ರಸ್ಲರ್ 36 ಕೊಳ್ಳಲಿ. ಆದರೆ ಇರುವುದೆಲ್ಲ ಅದಕ್ಕೇ ಸುರಿದು, ತಂತಿ ಬದಲಿಸಲು ಏನೂ ಉಳಿಯದಿದ್ದರೆ ಬೇಡ. ಹೊಸ ತಂತಿಯ ನಿಕಲ್ಸನ್ ಹಳೇ ತಂತಿಯ ರಸ್ಲರಿಗಿಂತ ಮೇಲು.

ದುಡ್ಡು ಕೊಡುವ ಮೊದಲು ನೀರಿನಲ್ಲಿ ಓಡಿಸಿ ನೋಡಿ. ನಾವು ಕೊನೆಗೆ ಕೊಂಡ ನಿಕಲ್ಸನ್‌ನಲ್ಲಿ ಸೋಲೆಂಟ್ ಜಲಸಂಧಿಗೆ ಹೋದೆವು, ಹದವಾದ ಗಾಳಿ. ಎದುರು ಗಾಳಿಗೆ ಹಾಯಿ ಬಿಗಿದು, ಚುಕ್ಕಾಣಿಯ ಹಿಡಿಯನ್ನು ತೆಳು ಹುರಿಯಲ್ಲಿ ಕಟ್ಟಿ ಕೈ ಬಿಟ್ಟೆ. ಒಂದು ಅಲೆ ಬಂದಾಗ ಮೂತಿ ಸ್ವಲ್ಪ ಆಚೆ ಹೋಯಿತು, ತಾನಾಗೇ ಈಚೆ ಬಂತು. ನನ್ನ ಹೆಂಡತಿ ಕೆಳಗೆ ಇಳಿದು ಕಾಫಿ ಮಾಡಿ ಎರಡು ಲೋಟ ಹಿಡಿದು ಮೇಲೆ ಬಂದಳು. ಅಷ್ಟು ಹೊತ್ತೂ ನಾನು ಚುಕ್ಕಾಣಿ ಮುಟ್ಟಿರಲಿಲ್ಲ. ದಡಕ್ಕೆ ಬಂದು ಬೆಲೆಯ ಮಾತಿಗೆ ಕೂತೆವು.